ಮನೆಯ ಜಮಾ-ಖರ್ಚು: ನಮ್ಮ ಮನೆಗೆ ಯಾವ ಸಾಧನ ಸರಿ?





ಈ ವರದಿಯ ಹಿಂದಿನ ಪುಟಗಳಲ್ಲಿ ಟ್ರಸ್ಟಿನ ವರ್ಷದ ಜಮಾ-ಖರ್ಚನ್ನು ತಾವು ನೋಡಿರುತ್ತೀರಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಶಿಲ್ಕು ಉಳಿಯಿತು ಎಂಬುದನ್ನು ತಮ್ಮ ಮುಂದೆ ಇಡುವುದು ನಮ್ಮ ಕರ್ತವ್ಯ. ಟ್ರಸ್ಟಿಗೆ ಬೇಕಾದ ಲೆಕ್ಕ ಮನೆಗೂ ಬೇಕಲ್ಲವೇ? ವಿದ್ಯಾರ್ಥಿವೇತನ ಪಡೆಯುವ ಕುಟುಂಬಗಳಿಗಾಗಿ ಈ ವರ್ಷದ ಪಾಠವನ್ನು ಅದರ ಮೇಲೆಯೇ ಬರೆದಿದ್ದೇವೆ.

ಮೊದಲು ಒಂದು ಮನೆಯ ಸಂಗತಿ ಹೇಳುತ್ತೇವೆ. ಹೆಸರು ಬೇಡ. ತಂದೆ ಗೌಂಡಿ ಕೆಲಸದವರು, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗಳು ಪದವಿ ಓದುತ್ತಿದ್ದಳು. ಟ್ರಸ್ಟಿನ ನೆರವಿನ ಹಣ ಕೈಸೇರಿ ಮೂರು ತಿಂಗಳೂ ಆಗಿರಲಿಲ್ಲ, ಪರೀಕ್ಷಾ ಶುಲ್ಕ ಕಟ್ಟಲು ಹಣವಿಲ್ಲವೆಂದು ಹುಡುಗಿ ಬಂದು ನಿಂತಳು. ನಾವು ಅವರ ಮನೆಗೆ ಹೋದೆವು. ತಾಯಿ ಕಣ್ಣಲ್ಲಿ ನೀರು ತಂದುಕೊಂಡು, "ಮಾಸ್ತರ್ ಸಾಬ್, ಒಂದು ರೂಪಾಯಿಯೂ ಹಾಳು ಮಾಡಿಲ್ಲ. ಆದರೆ ಎಲ್ಲಿ ಹೋಯಿತು ಅಂದರೆ ಹೇಳಲಿಕ್ಕೆ ಬರುತ್ತಿಲ್ಲ" ಎಂದರು. ಅವರೊಂದಿಗೆ ಕುಳಿತು ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದೆವು. ಕಿರಾಣಿಯ ಹಳೆಯ ಉದ್ರಿ, ತಂದೆಗೆ ಜ್ವರ ಬಂದಾಗಿನ ಔಷಧ, ಗ್ಯಾಸ್, ಹತ್ತಿರದವರ ಮದುವೆಗೆ ಬಟ್ಟೆ, ಕೆಲಸವಿಲ್ಲದ ಹತ್ತು ದಿನದ ಊಟ. ಇದರಲ್ಲಿ ದುಂದುವೆಚ್ಚ ಎನ್ನುವಂಥದ್ದು ಒಂದೂ ಇರಲಿಲ್ಲ. ಆದರೂ ಶುಲ್ಕದ ಹಣ ಇರಲಿಲ್ಲ. ಕೊನೆಗೆ ಕೈಗಡ ತಂದು, ದಂಡ ಸೇರಿಸಿ ಕಟ್ಟಿದರು.

ಅಂದು ನಮಗೆ ನಮ್ಮ ಮೇಲೆಯೇ ಬೇಸರವಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಲಾಭ-ನಷ್ಟ, ಶೇಕಡಾ, ಸರಾಸರಿ ಕಲಿಸಿದೆವು. ಪುಸ್ತಕದ ವ್ಯಾಪಾರಿ ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಿದ ಎಂದು ಕೇಳಿದೆವು. ನಿಮ್ಮ ಮನೆಯ ಈ ತಿಂಗಳ ಲೆಕ್ಕ ಮಾಡಿ ತನ್ನಿ ಎಂದು ಒಮ್ಮೆಯೂ ಹೇಳಲಿಲ್ಲ. ಆ ಬಾಕಿ ಪಾಠವೇ ಇದು.

1. ಇದು ಹೊಸ ವಿಷಯವಲ್ಲ

ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಇದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಮರಳಿ ಸುರಿದು ಬನ್ನಿ ಎಂದು ಲಕ್ಕಮ್ಮ ಹೇಳಿದ ಪ್ರಸಂಗ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಇದನ್ನು ಭಕ್ತಿಯ ಪಾಠವಾಗಿ ಹೇಳುತ್ತಿದ್ದೆವು. ಇದರಲ್ಲಿ ಮನೆವಾರ್ತೆಯ ಮಾತೂ ಇದೆ. ದಿನಕ್ಕೆ ಎಷ್ಟು ಬೇಕು ಎಂಬುದು ಲಕ್ಕಮ್ಮನಿಗೆ ನಿಖರವಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೆಚ್ಚಾದದ್ದು ಕಣ್ಣಿಗೆ ಬಿತ್ತು.

ಕುರ್‌ಆನಿನ ಅತಿ ಉದ್ದವಾದ ಆಯತ್ ಸೂರಃ ಅಲ್-ಬಕರಃದ 282ನೆಯದು. ಅದು ಹೇಳುವ ವಿಷಯ ಸಾಲದ ಬರವಣಿಗೆ. ಅವಧಿ ಇಟ್ಟು ಕೊಡುವ ಸಾಲವನ್ನು, ಸಣ್ಣದಿರಲಿ ದೊಡ್ಡದಿರಲಿ, ಸಾಕ್ಷಿ ಸಹಿತ ಬರೆದಿಡಬೇಕೆಂಬ ಸೂಚನೆ ಅಲ್ಲಿದೆ. ಲೆಕ್ಕ ಬರೆಯುವುದೆಂದರೆ ಮನೆಯವರ ಮೇಲೆ ಅನುಮಾನ ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

ನಮ್ಮ ತಾಯಂದಿರಿಗೂ ಲೆಕ್ಕ ಹೊಸದಲ್ಲ. ನಬಾರ್ಡ್ 1992ರಲ್ಲಿ 500 ಸ್ವಸಹಾಯ ಸಂಘಗಳನ್ನು ಪ್ರಾಯೋಗಿಕವಾಗಿ ಬ್ಯಾಂಕಿಗೆ ಜೋಡಿಸಿತು. ಮುಂದೆ ಬೀದರ ಡಿಸಿಸಿ ಬ್ಯಾಂಕು ಈ ಕೆಲಸದಲ್ಲಿ ದೇಶದ ಗಮನ ಸೆಳೆಯಿತು. ಸಂಘಗಳಿಗೆ ಕಲಿಸುವ ಪಂಚಸೂತ್ರಗಳು ಐದು: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಅಂದಂದಿನ ಲೆಕ್ಕಪತ್ರ. ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ತಪ್ಪಿದರೂ ಹಿಡಿಯುವ ಆಪಾ, ಅಕ್ಕಂದಿರು ನಮ್ಮೂರಲ್ಲಿದ್ದಾರೆ. ಅವರಿಗೆ ಮನೆಗೂ ಒಂದು ಪುಸ್ತಕ ಬೇಕು ಎಂದು ಹೇಳಿದರೆ ಸಾಕು, ಬರೆಯುವ ರೀತಿಯನ್ನು ನಾವು ಕಲಿಸಬೇಕಾಗಿಲ್ಲ.

2. ಸಂಬಳದ ಮನೆ, ಕೂಲಿಯ ಮನೆ

ಬಜೆಟ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದನೇ ತಾರೀಖಿಗೆ ಸಂಬಳ ಬರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಬೇಮಳಖೇಡದ ಹೆಚ್ಚಿನ ಮನೆಗಳು ಹಾಗಿಲ್ಲ. ಗೌಂಡಿಗೆ ಮಳೆ ಹಿಡಿದರೆ ಕೆಲಸವಿಲ್ಲ. ತೊಗರಿ, ಸೋಯಾ ಬೆಳೆಯುವವರಿಗೆ ರಾಶಿಯಾದ ಮೇಲೆ ಹಣ. ಬಸವಕಲ್ಯಾಣದ ಆಟೋ ನಗರದಲ್ಲಿ ದುಡಿಯುವವರಿಗೆ ವಾರದ ಬಟವಾಡೆ. ಹೈದರಾಬಾದಿಗೆ ಹೋದವರು ಮೊಬೈಲಿನಲ್ಲಿ ಕಳಿಸಿದಾಗ ಬಂತು, ಇಲ್ಲದಿದ್ದರೆ ಇಲ್ಲ.

2009ರಲ್ಲಿ ಪ್ರಕಟವಾದ 'ಪೋರ್ಟ್‌ಫೋಲಿಯೋಸ್ ಆಫ್ ದಿ ಪೂರ್' ಎಂಬ ಪುಸ್ತಕಕ್ಕಾಗಿ ಸಂಶೋಧಕರು ಭಾರತ, ಬಾಂಗ್ಲಾದೇಶ, ದಕ್ಷಿಣ ಆಫ್ರಿಕಾಗಳ 250ಕ್ಕೂ ಹೆಚ್ಚು ಬಡ ಕುಟುಂಬಗಳ ಹಣಕಾಸಿನ ದಿನಚರಿಯನ್ನು ಸುಮಾರು ಒಂದು ವರ್ಷ ಬರೆದುಕೊಂಡರು. ಅವರು ಕಂಡದ್ದು ಹೀಗೆ: ಆದಾಯ ಕಡಿಮೆ ಎಂಬುದು ಒಂದು ಕಷ್ಟವಾದರೆ, ಅದು ಯಾವಾಗ ಬರುತ್ತದೆಂದು ತಿಳಿಯದಿರುವುದು ಇನ್ನೊಂದು ಕಷ್ಟ. ಅದನ್ನು ಸರಿದೂಗಿಸಲು ತಕ್ಕ ಸಾಧನವಿಲ್ಲದಿರುವುದು ಮೂರನೆಯದು. ಮೊದಲನೆಯದಕ್ಕೆ ನೋಟ್‌ಬುಕ್ಕಿನಲ್ಲಿ ಪರಿಹಾರವಿಲ್ಲ. ಆದರೆ ಉಳಿದೆರಡನ್ನು ಸ್ವಲ್ಪ ಹಗುರ ಮಾಡಬಹುದು.

3. ಸಾಧನಗಳು ಐದು

ನೋಟ್‌ಬುಕ್. 200 ಪುಟದ ಉದ್ದನೆಯ ಒಂದು ನೋಟ್‌ಬುಕ್ ವರ್ಷಕ್ಕೆ ಸಾಕು. ಐದು ಗೆರೆ ಎಳೆಯಿರಿ: ತಾರೀಖು, ವಿವರ, ಬಂದದ್ದು, ಹೋದದ್ದು, ಉಳಿದದ್ದು. ಪೆನ್ನನ್ನು ದಾರದಿಂದ ಅದಕ್ಕೇ ಕಟ್ಟಿಡಿ. ಪೆನ್ನು ಹುಡುಕುವ ಹೊತ್ತಿಗೆ ಬರೆಯುವ ಮನಸ್ಸು ಹೋಗಿರುತ್ತದೆ. ಇದಕ್ಕೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಮನೆಯವರೆಲ್ಲ ನೋಡಬಹುದು. ಕೊರತೆ ಏನೆಂದರೆ ಕೂಡಿಸುವ ಕೆಲಸ ನಮ್ಮದೇ. ಜಪಾನಿನಲ್ಲಿ 1904ರಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 'ಕಾಕೇಬೊ' ಎಂಬ ಮನೆಲೆಕ್ಕದ ಪುಸ್ತಕವನ್ನು ರೂಢಿಗೆ ತಂದರು. ಇಂದಿಗೂ ಅಲ್ಲಿ ಅದನ್ನು ಕೈಯಿಂದ ಬರೆಯುವವರಿದ್ದಾರೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2013ರಲ್ಲಿ ಹಣಕಾಸು ಸಾಕ್ಷರತೆಯ ಕೈಪಿಡಿಯೊಂದಿಗೆ ಒಂದು ಹಣಕಾಸಿನ ಡೈರಿಯನ್ನು ಹೊರತಂದಿತು.

ಗೋಡೆಯ ಕ್ಯಾಲೆಂಡರ್. ಬರೆಯಲು ಬೇಸರವಿರುವವರಿಗೂ ಓದು ಕಡಿಮೆ ಇರುವ ಹಿರಿಯರಿಗೂ ಇದು ಸುಲಭ. ಹಾಲು ಎಷ್ಟು ಲೀಟರ್, ಕೂಲಿಗೆ ಹೋದ ದಿನ, ಸಿಲಿಂಡರ್ ಹಚ್ಚಿದ ದಿನ, ಇವನ್ನು ಆಯಾ ಚೌಕದಲ್ಲಿ ಗುರುತು ಹಾಕಿದರಾಯಿತು. ನಮ್ಮ ತಾಯಂದಿರು ಮೊದಲಿನಿಂದಲೂ ಇದನ್ನು ಮಾಡುತ್ತಿದ್ದಾರೆ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಕಪಾಟಿಗೆ ಹಾಸದೆ ಸುತ್ತಿ ಇಡಿ. ಮುಂದಿನ ವರ್ಷ ಯಾವ ತಿಂಗಳಲ್ಲಿ ಕೆಲಸ ಕಡಿಮೆ ಎಂದು ಅದೇ ಹೇಳುತ್ತದೆ.

ಡಬ್ಬಿ ಅಥವಾ ಲಕೋಟೆ. ಕೈಗೆ ನಗದು ಬರುವ ಮನೆಗೆ ಇದು ಒಳ್ಳೆಯದು. ರೇಶನ್ನು, ಓದು, ಔಷಧ ಎಂದು ಮೂರು ಡಬ್ಬಿ ಸಾಕು. ಹಣ ಬಂದ ದಿನವೇ ಹಂಚಿ ಹಾಕಬೇಕು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ತೆಗೆದರೆ ಒಳಗೆ ಚೀಟಿ ಹಾಕಿ: 'ಓದಿನಿಂದ 300 ತೆಗೆದಿದೆ.' ಚೀಟಿ ಇಲ್ಲದ ಡಬ್ಬಿ ಎರಡು ತಿಂಗಳಲ್ಲಿ ಖಾಲಿ ಡಬ್ಬಿಯಾಗುತ್ತದೆ. ಮೊಬೈಲಿಗೆ ಬರುವ ಹಣ ಇದರೊಳಗೆ ಬರುವುದಿಲ್ಲ ಎಂಬುದು ಇದರ ಕೊರತೆ.

ಉದ್ರಿ ಪುಸ್ತಕ. ಅಂಗಡಿಯವರು ತಮ್ಮ ಖಾತೆಯಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಕೈಯಲ್ಲೂ ಒಂದು ಸಣ್ಣ ಪುಸ್ತಕವಿರಬೇಕು, ಸಾಮಾನು ತಂದಾಗಲೇ ಎರಡರಲ್ಲೂ ಬರೆಸಬೇಕು. ಒಮ್ಮೆ ತಿಂಗಳ ಕೊನೆಗೆ ಅಂಗಡಿಯವರ ಲೆಕ್ಕ ಹೆಚ್ಚಾಗಿದೆ ಎಂದು ನಾವೇ ಜೋರು ಮಾತನಾಡಿದೆವು. ಮನೆಗೆ ಬಂದು ವಿಚಾರಿಸಿದರೆ ಮೊಮ್ಮಕ್ಕಳು ತಂದ ಬಿಸ್ಕಿಟು, ಮನೆಗೆ ಬಂದ ಅತಿಥಿಗಳಿಗೆ ತಂದ ಸಕ್ಕರೆ ಎಲ್ಲ ಸೇರಿ ಅವರ ಲೆಕ್ಕವೇ ಸರಿ ಇತ್ತು. ಮರುದಿನ ಹೋಗಿ ಕ್ಷಮೆ ಕೇಳಿದೆವು. ಅಂದಿನಿಂದ ನಮ್ಮ ಮನೆಯಲ್ಲಿ ಎರಡನೇ ಪುಸ್ತಕ ಇದೆ.

ಮೊಬೈಲ್. ಯುಪಿಐ ಶುರುವಾದದ್ದು 2016ರಲ್ಲಿ. ಇಂದು ಚಹಾದ ಅಂಗಡಿಯಲ್ಲೂ ಸ್ಕ್ಯಾನರ್ ಇದೆ. ಫೋನ್‌ಪೇ, ಗೂಗಲ್ ಪೇಗಳಲ್ಲಿ ಹಣ ಯಾರಿಗೆ, ಯಾವಾಗ ಹೋಯಿತು ಎಂಬುದು ತಾನೇ ದಾಖಲಾಗುತ್ತದೆ. ಆದರೆ ಏತಕ್ಕೆ ಹೋಯಿತು ಎಂಬುದು ಅಲ್ಲಿರುವುದಿಲ್ಲ. ಕಿರಾಣಿಗೆ 340 ಎಂದಿದ್ದರೆ ಅದು ಎಣ್ಣೆಯೋ, ತಂಪು ಪಾನೀಯವೋ? ನಗದು ಖರ್ಚಂತೂ ಅಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಗೂಗಲ್ ಶೀಟ್ಸ್‌ನಲ್ಲಿ ನೋಟ್‌ಬುಕ್ಕಿನ ಐದು ಗೆರೆಗಳನ್ನೇ ಮಾಡಬಹುದು, ಕೂಡಿಸುವ ಕೆಲಸವನ್ನು ಅದೇ ಮಾಡುತ್ತದೆ.

ಒಂದು ಎಚ್ಚರಿಕೆ. ಲೆಕ್ಕ ಬರೆಯುವ ಆ್ಯಪ್ ಎಂದು ಹೇಳಿ ಮೆಸೇಜು, ಫೋಟೋ, ಎಲ್ಲರ ನಂಬರುಗಳನ್ನು ನೋಡಲು ಅನುಮತಿ ಕೇಳಿದರೆ ಕೊಡಬೇಡಿ. ಲೆಕ್ಕದ ಜೊತೆ ತಕ್ಷಣ ಸಾಲ ಕೊಡುತ್ತೇವೆ ಎಂದರೆ ಆ ಆ್ಯಪನ್ನೇ ತೆಗೆದುಹಾಕಿ. ಸಾಲದ ಆ್ಯಪ್‌ಗಳು ಮೊಬೈಲಿನ ಫೋಟೋ, ನಂಬರಿನ ಪಟ್ಟಿ, ಕರೆಗಳ ವಿವರಕ್ಕೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೋಸ ಹೋದರೆ ನಾಚಿಕೊಂಡು ಕೂಡದೆ ಕೂಡಲೇ 1930ಕ್ಕೆ ಕರೆ ಮಾಡಿ.

4. ಆಯ್ಕೆ ಹೇಗೆ?

ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಯಾವುದು ಮೂರು ತಿಂಗಳು ನಡೆದೀತು ಎಂದು ಕೇಳಿ. ಅದಕ್ಕೆ ನಾಲ್ಕು ಪ್ರಶ್ನೆ:

ಒಂದು, ಬರೆಯುವವರು ಯಾರು? ಖರ್ಚು ಮಾಡುವ ಕೈಗೆ ಹತ್ತಿರದವರೇ ಬರೆಯಬೇಕು. ಮನೆ ನಡೆಸುವವರು ತಾಯಿ, ಲೆಕ್ಕ ಬರೆಯುವವರು ಊರಿನಲ್ಲಿಲ್ಲದ ತಂದೆ ಎಂದಾದರೆ ಅದು ನಡೆಯುವುದಿಲ್ಲ.

ಎರಡು, ಎಲ್ಲರಿಗೂ ಓದಲು ಬರುತ್ತದೆಯೇ? ನಮ್ಮ ಮನೆಗಳಲ್ಲಿ ಅಜ್ಜಿ ಉರ್ದು ಓದುತ್ತಾರೆ, ಮಕ್ಕಳು ಕನ್ನಡ ಓದುತ್ತಾರೆ, ತಂದೆ ಬಾಯಿಲೆಕ್ಕದವರು. ಆದ್ದರಿಂದ ಅಂಕಿಗಳನ್ನು ನೋಟಿನ ಮೇಲೂ ಮೊಬೈಲಿನಲ್ಲೂ ಇರುವಂತೆ 1, 2, 3 ಎಂದೇ ಬರೆಯಿರಿ. ವಿವರಕ್ಕೆ ಅಕ್ಷರದ ಪಕ್ಕ ಸಣ್ಣ ಚಿತ್ರ ಹಾಕಿದರೂ ತಪ್ಪಿಲ್ಲ. ಹಾಲಿಗೆ ಲೋಟ, ಗ್ಯಾಸಿಗೆ ಸಿಲಿಂಡರ್.

ಮೂರು, ಹಣ ಹೆಚ್ಚಾಗಿ ನಗದಾಗಿ ಓಡಾಡುತ್ತದೆಯೋ, ಮೊಬೈಲಿನಲ್ಲೋ? ನಗದಾದರೆ ಡಬ್ಬಿ ಮತ್ತು ನೋಟ್‌ಬುಕ್. ಮೊಬೈಲಾದರೆ ವಾರಕ್ಕೊಮ್ಮೆ ಅದನ್ನು ತೆರೆದು ನೋಟ್‌ಬುಕ್ಕಿಗೆ ಇಳಿಸಿ.

ನಾಲ್ಕು, ದಿನಕ್ಕೆ ಐದು ನಿಮಿಷದಲ್ಲಿ ಮುಗಿಯುತ್ತದೆಯೇ? ಇಶಾ ನಮಾಜಿನ ನಂತರವೋ, ರಾತ್ರಿ ಊಟದ ನಂತರವೋ ಒಂದು ಹೊತ್ತು ಗೊತ್ತು ಮಾಡಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡುವ ಸಾಧನ ನಮಗೆ ಬೇಡ.

ಹೆಚ್ಚಿನ ಮನೆಗಳಿಗೆ ನಾವು ಹೇಳುವುದು ಇಷ್ಟೆ: ಒಂದು ನೋಟ್‌ಬುಕ್, ಒಂದು ಓದಿನ ಡಬ್ಬಿ. ಇವೆರಡು ಮೂರು ತಿಂಗಳು ನಡೆದರೆ ಮುಂದಿನದನ್ನು ಯೋಚಿಸಿ.

5. ಒಂದು ತಿಂಗಳ ಉದಾಹರಣೆ

ಇದು ಪಾಠಕ್ಕಾಗಿ ನಾವೇ ಮಾಡಿದ ಲೆಕ್ಕ, ಯಾರ ಮನೆಯದೂ ಅಲ್ಲ. ಐದು ಜನರ ಮನೆ, ಮನೆ ಸ್ವಂತದ್ದು.

ಬಂದದ್ದು:
ಗೌಂಡಿ ಕೆಲಸ, 18 ದಿನ, ದಿನಕ್ಕೆ ರೂ. 700: 12,600
ಹೊಲಿಗೆ: 2,400
ಗೃಹಲಕ್ಷ್ಮಿ: 2,000
ಒಟ್ಟು: 17,000

ಹೋದದ್ದು:
ಕಿರಾಣಿ: 5,200
ಹಾಲು, ಕಾಯಿಪಲ್ಲೆ, ಮಾಂಸ: 2,900
ಗ್ಯಾಸ್: 900
ಕರೆಂಟು, ಮೊಬೈಲ್ ರೀಚಾರ್ಜ್: 700
ಔಷಧ: 800
ಭಿಸಿ ಕಂತು: 1,500
ಓದು, ಬಸ್ಸು: 1,200
ಹೊರಗಿನ ಚಹಾ, ತಿಂಡಿ: 1,400
ಮದುವೆ, ಅಖೀಕಾ, ಉಡುಗೊರೆ: 1,000
ಒಟ್ಟು: 15,600

17,000ದಲ್ಲಿ 15,600 ಕಳೆದರೆ 1,400 ಉಳಿಯಬೇಕು. ಡಬ್ಬಿ, ಬ್ಯಾಂಕು, ಜೇಬು ಎಲ್ಲ ಎಣಿಸಿದರೆ 600 ಇದೆ. ಹಾಗಾದರೆ 800 ರೂಪಾಯಿ ಎಲ್ಲಿ? ಇಲ್ಲಿ ಜಗಳ ಮಾಡಬೇಡಿ. 'ಗೊತ್ತಿಲ್ಲದ್ದು 800' ಎಂದು ಒಂದು ಸಾಲು ಬರೆದು ಪುಟ ಮುಚ್ಚಿ. ಮುಂದಿನ ತಿಂಗಳು ಅದು 500 ಆಗಲಿ, ಅದರ ಮುಂದಿನ ತಿಂಗಳು 200. ಗಂಡ ಹೆಂಡತಿಯನ್ನು, ಅತ್ತೆ ಸೊಸೆಯನ್ನು ವಿಚಾರಣೆ ಮಾಡುವ ಪುಸ್ತಕವಾದರೆ ಅದರಲ್ಲಿ ಮೊದಲು ಸುಳ್ಳು ಬರುತ್ತದೆ, ಆಮೇಲೆ ಬರೆಯುವುದೇ ನಿಲ್ಲುತ್ತದೆ.

ಇನ್ನೊಂದು ಮಾತು. ಗೃಹಲಕ್ಷ್ಮಿಯಾಗಲಿ, ವಿದ್ಯಾರ್ಥಿವೇತನವಾಗಲಿ, ಹೈದರಾಬಾದಿನಿಂದ ಬರಬೇಕಾದ ಹಣವಾಗಲಿ, ಕೈಗೆ ಅಥವಾ ಖಾತೆಗೆ ಬಂದ ದಿನವೇ 'ಬಂದದ್ದು' ಎಂದು ಬರೆಯಿರಿ. ಬರುತ್ತದೆ ಎಂಬ ಭರವಸೆಯ ಮೇಲೆ ಖರ್ಚು ಮಾಡಿದ್ದು ಉದ್ರಿಯಾಗಿ ಕೂಡುತ್ತದೆ.

6. ವರ್ಷದ ಪುಟ

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹನ್ನೆರಡು ತಿಂಗಳ ಹೆಸರು ಬರೆದು ದೊಡ್ಡ ಖರ್ಚುಗಳನ್ನು ಗುರುತಿಸಿ. ಜೂನ್‌ನಲ್ಲಿ ಪ್ರವೇಶ ಶುಲ್ಕ, ಪುಸ್ತಕ, ಸಮವಸ್ತ್ರ. ಮಳೆಗಾಲದಲ್ಲಿ ಕೆಲಸ ಕಡಿಮೆ. ಪರೀಕ್ಷಾ ಶುಲ್ಕದ ತಿಂಗಳು ಯಾವುದು ಎಂದು ಶಾಲೆಯಲ್ಲೇ ಕೇಳಿ ಬರೆಯಿರಿ.

ಈದ್ ಮಾತ್ರ ಒಂದೇ ತಿಂಗಳಲ್ಲಿ ನಿಲ್ಲುವುದಿಲ್ಲ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಆದ್ದರಿಂದ ಹಬ್ಬ ವರ್ಷಕ್ಕೆ ಹತ್ತು-ಹನ್ನೊಂದು ದಿನ ಮೊದಲೇ ಬರುತ್ತದೆ. ನಮ್ಮಲ್ಲಿ ಈದುಲ್ ಫಿತ್ರ್ 2023ರಲ್ಲಿ ಏಪ್ರಿಲ್ 22ಕ್ಕೆ, 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಎಸ್ಸೆಸ್ಸೆಲ್ಸಿ, ಪಿಯುಸಿ ವಾರ್ಷಿಕ ಪರೀಕ್ಷೆಗಳೂ ಮಾರ್ಚಿನ ಆಸುಪಾಸಿನಲ್ಲೇ. ಅಂದರೆ ರಂಜಾನಿನ ಖರ್ಚು ಮತ್ತು ಪರೀಕ್ಷೆಯ ಖರ್ಚು ಈಗ ಒಟ್ಟಿಗೆ ಬಂದು ನಿಂತಿವೆ. ಹಿಂದಿನ ವರ್ಷಗಳ ರೂಢಿಯ ಮೇಲೆ ನಡೆದವರು ಇಲ್ಲಿ ಎಡವುತ್ತಾರೆ.

ಹಬ್ಬಕ್ಕೆ 6,000, ಜೂನ್‌ಗೆ 9,000 ಬೇಕೆಂದು ಇಟ್ಟುಕೊಳ್ಳೋಣ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 500 ಮತ್ತು 750, ಒಟ್ಟು 1,250. ಮೇಲಿನ ಮನೆಯಲ್ಲಿ 1,400 ಉಳಿದಿದ್ದರೆ ಎರಡೂ ನಡೆಯುತ್ತಿದ್ದವು. ಉಳಿದದ್ದು 600 ಆದ್ದರಿಂದ ಜೂನ್‌ನಲ್ಲಿ ಸಾಲ ತಪ್ಪುವುದಿಲ್ಲ. ಆ 'ಗೊತ್ತಿಲ್ಲದ್ದು 800' ಎಷ್ಟು ದೊಡ್ಡದು ಎಂಬುದು ಈಗ ತಿಳಿಯಿತಲ್ಲವೇ?

ಭಿಸಿ ಹಾಕುವವರೂ ಈ ಪುಟವನ್ನು ನೋಡಿಯೇ ತಮ್ಮ ಸರದಿ ಕೇಳಬೇಕು. ಹತ್ತು ಜನ ತಿಂಗಳಿಗೆ 1,500ರಂತೆ ಹಾಕಿದರೆ ಒಂದು ಸರದಿಗೆ 15,000. ಅದು ಮೇ ಕೊನೆಗೆ ಬಂದರೆ ಪ್ರವೇಶಕ್ಕೆ ಆಗುತ್ತದೆ. ಡಿಸೆಂಬರಿನಲ್ಲಿ ಬಂದರೆ ಜೂನ್‌ವರೆಗೆ ಉಳಿಯುವುದು ಕಷ್ಟ.

7. ವಿದ್ಯಾರ್ಥಿವೇತನದ ಹಣಕ್ಕೆ ಬೇರೆ ಪುಟ

ಟ್ರಸ್ಟಿನಿಂದ ಬರಲಿ, ಸರ್ಕಾರದಿಂದ ಬರಲಿ, ಇದಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆಯೇ ಪುಟವಿರಲಿ. ಸಾಧ್ಯವಾದರೆ ವಿದ್ಯಾರ್ಥಿಯ ಹೆಸರಿನಲ್ಲಿ ಬೇರೆ ಖಾತೆ ಇರಲಿ. ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆ ಬ್ಯಾಂಕುಗಳಲ್ಲಿ ಸಿಗುತ್ತದೆ. ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪುಟದ ಮೇಲೆ ಮೊದಲು ಮೂರು ಸಾಲು ಬರೆಯಿರಿ: ಮುಂದಿನ ಶುಲ್ಕ ಎಷ್ಟು, ಯಾವ ತಾರೀಖಿನೊಳಗೆ, ಅದಕ್ಕೆ ತೆಗೆದಿಟ್ಟದ್ದು ಎಷ್ಟು. ಮನೆಯ ಕಷ್ಟಕ್ಕೆ ಈ ಹಣ ಮುಟ್ಟಲೇಬಾರದು ಎಂದು ನಾವು ಹೇಳುವುದಿಲ್ಲ. ಜ್ವರ ಬಂದ ಮಗುವಿಗೆ ಔಷಧ ತರಲೇಬೇಕು. ತೆಗೆದರೆ 'ಓದಿನಿಂದ ಮನೆಗೆ ಸಾಲ' ಎಂದು ಬರೆದು, ಯಾವ ತಿಂಗಳು ಮರಳಿ ಇಡುತ್ತೇವೆಂದೂ ಬರೆಯಿರಿ. ಈ ಪುಟವನ್ನು ವಿದ್ಯಾರ್ಥಿಯೇ ಬರೆಯಲಿ.

8. ದಾನಿಗಳಲ್ಲಿ ಒಂದು ವಿನಂತಿ

ಕೆಲವು ದಾನಿಗಳು, "ಕುಟುಂಬಗಳ ಲೆಕ್ಕದ ಪುಸ್ತಕ ನೋಡಿಯೇ ನೆರವು ಕೊಡಬಾರದೇ?" ಎಂದು ಕೇಳಿದ್ದಾರೆ. ಅವರ ಉದ್ದೇಶ ಒಳ್ಳೆಯದು. ಆದರೂ ನಾವು ಹಾಗೆ ಮಾಡುವುದಿಲ್ಲ. ಶುಲ್ಕದ ರಸೀದಿ, ಅಂಕಪಟ್ಟಿ, ಹಾಜರಾತಿ ಕೇಳುತ್ತೇವೆ. ಮನೆಯ ನೋಟ್‌ಬುಕ್ ಕೇಳುವುದಿಲ್ಲ. ಮಾಂಸ ತಂದದ್ದನ್ನು, ಮಗಳಿಗೆ ಬಳೆ ಕೊಡಿಸಿದ್ದನ್ನು ಇನ್ನೊಬ್ಬರು ನೋಡಿ ತೀರ್ಮಾನ ಕೊಡುತ್ತಾರೆಂದು ತಿಳಿದರೆ ಆ ತಾಯಿ ನಿಜ ಬರೆಯುವುದಿಲ್ಲ. ಸುಳ್ಳು ಬರೆದ ಪುಸ್ತಕದಿಂದ ಅವರಿಗೂ ಪ್ರಯೋಜನವಿಲ್ಲ, ನಮಗೂ ಇಲ್ಲ.

ತಮ್ಮ ಮನೆಯಲ್ಲೂ ಈ ಪುಸ್ತಕ ಇಟ್ಟು ನೋಡಿ. ಝಕಾತ್ ಎಂದರೆ ನಿಸಾಬ್ ತಲುಪಿ ಒಂದು ಚಾಂದ್ರ ವರ್ಷ ಕಳೆದ ಉಳಿತಾಯದ ನಲವತ್ತರಲ್ಲಿ ಒಂದು ಪಾಲು. ಉಳಿತಾಯ ಎಷ್ಟೆಂದು ಬರೆದಿಟ್ಟವರಿಗೆ ರಂಜಾನಿನಲ್ಲಿ ಅಂದಾಜು ಮಾಡುವ ತೊಂದರೆ ಇರುವುದಿಲ್ಲ.

ಅಭ್ಯಾಸ

1. ಇಂದು ರಾತ್ರಿ ಮನೆಯಲ್ಲಿ, ಖಾತೆಯಲ್ಲಿ ಇರುವ ಒಟ್ಟು ಹಣ ಎಣಿಸಿ ಮೊದಲ ಸಾಲು ಬರೆಯಿರಿ.
2. ಕೊಡಬೇಕಾದ ಮತ್ತು ಬರಬೇಕಾದ ಕೈಗಡವನ್ನು ಹೆಸರು, ತಾರೀಖು ಸಹಿತ ಬರೆಯಿರಿ.
3. ಒಂದು ವಾರ ಬರೀ ಬರೆಯಿರಿ, ಏನನ್ನೂ ಕಡಿಮೆ ಮಾಡಬೇಡಿ.
4. ವಿದ್ಯಾರ್ಥಿಗಳು ಅಜ್ಜ-ಅಜ್ಜಿಯನ್ನು ಕೇಳಿ: ಅವರ ಕಾಲದಲ್ಲಿ ಮನೆಯ ಲೆಕ್ಕವನ್ನು ಹೇಗೆ ಇಡುತ್ತಿದ್ದರು?

ಮೊದಲು ಹೇಳಿದ ಆ ಮನೆಗೆ ಈ ವರ್ಷ ಮತ್ತೆ ಹೋಗಿದ್ದೆವು. ಬಾಗಿಲ ಪಕ್ಕದ ಮೊಳೆಗೆ ನೋಟ್‌ಬುಕ್ ನೇತುಹಾಕಿದ್ದರು, ಅದಕ್ಕೆ ಪೆನ್ನು ಕಟ್ಟಿತ್ತು. ನಾವು ತೆರೆದು ನೋಡಲಿಲ್ಲ. ಚಹಾ ಕೊಡುತ್ತ ಆ ತಾಯಿ ತಾವಾಗಿಯೇ ಹೇಳಿದರು: "ಮಾಸ್ತರ್ ಸಾಬ್, ಹಣ ಮೊದಲಿನಷ್ಟೇ ಇದೆ. ಆದರೆ ಈ ಸಲ ಫೀಸು ಕೊನೇ ತಾರೀಖಿಗೆ ಹದಿನೈದು ದಿನ ಮೊದಲೇ ಕಟ್ಟಿದೆವು."

ಎಲ್ಲ ಕುಟುಂಬಗಳಿಗೂ ಅಲ್ಲಾಹನು ಬರಕತ್ ನೀಡಲಿ. ಸಂಶಯವಿದ್ದವರು ವಿದ್ಯಾರ್ಥಿವೇತನದ ಅರ್ಜಿ ಕೊಡಲು ಬರುವ ದಿನ ನೋಟ್‌ಬುಕ್ ತಂದರೆ ಗೆರೆ ಹಾಕಿಕೊಡಲು ನಾವು ಅಲ್ಲಿಯೇ ಕುಳಿತಿರುತ್ತೇವೆ.